ತಹಶೀಲ್ದಾರರ ಸೀಮೆಯ ಮಡಿಲಕ್ಕಿ

ಆ ದಿನ ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ಸಾರಿಸಿದೆ. ಎಮ್ಮೆಯ ಕಾಲಡಿಯ ಸಗಣಿ ಬಾಚಿ ತಿಪ್ಪೆಗೆ ಹಾಕಿದೆ. ಕೆರೆಯ ಕೆಳಗಿನ ಬಾವಿಯಿಂದ ನೀರು ತಂದೆ. ಅಪ್ಪನನ್ನು ಮೆಲ್ಲಗೆ ಎತ್ತಿ ಗೋಡೆಗೆ ಒರಗಿಸಿ ಕೂರಿಸಿ, ಅವನ ಚಾಪೆ ಕಂಬಳಿ ಬಿಸಿಲಿಗೆ ಹಾಕಿದೆ. ಮುಖ ಒರೆಸಿ ರಾಗಿ ಗಂಜಿ ಕುಡಿಸಿದೆ. ಅರ್ಧ ಕುಡಿದ, ಉಳಿದರ್ಧಕ್ಕೆ ಕೈ ಅಡ್ಡ ಹಿಡಿದ. ಅವನ ಪಂಚೆ ಒಗೆದು ಬೇಲಿಯ ಮೇಲೆ ಹರವಿದೆ. ಅತ್ತಿಗೆಯ ಜೊತೆ ಕೂತು ಅವರೆಕಾಯಿ ಬಿಡಿಸಿದೆ. ಅಮ್ಮ ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚಿದಳು, ಅದನ್ನೂ ಕೆಲಸದಲ್ಲೇ ಸೇರಿಸಬೇಕು, ಯಾಕೆಂದರೆ ನಾನು ಅಲುಗಾಡದೆ ಕೂರಬೇಕಿತ್ತು. ಆಮೇಲೆ ಹೊರಡುವ ಸೀರೆ ಉಟ್ಟೆ.

ಹೊರಡುವುದು ಯಾರಿಗೂ ಬೇಕಿರಲಿಲ್ಲ. ಆದರೆ ನಾನು ತವರಿಗೆ ಬಂದು ವಾರದ ಮೇಲಾಗಿತ್ತು. ಚಾಂಪಿಯನ್ ರೀಫ್ಸ್‌ನ ಕೂಲಿಗಾರರ ಲೈನುಮನೆಯಲ್ಲಿ ನಮ್ಮನೆಯವರು ಬೆಳಗಿನ ಪಾಳಿಗೆ ಚಿನ್ನದ ಗಣಿಯೊಳಗೆ ಇಳಿದು, ಮೇಲೆ ಬಂದು ತಾವೇ ಮುದ್ದೆ ಕೂಡಿಸಿಕೊಂಡು ತಿನ್ನುತ್ತಿದ್ದರು. ಅಪ್ಪನ ಎದೆಯ ಕಫ ಕರಗಿರಲಿಲ್ಲ, ಹೆಚ್ಚೂ ಆಗಿರಲಿಲ್ಲ. ಕುಪ್ಪಂನ ಡಾಕ್ಟರು ಔಷಧಿ ಕೊಡುವುದನ್ನು ನಿಲ್ಲಿಸಿ ಸಮಾಧಾನ ಹೇಳಲು ಶುರು ಮಾಡಿದ್ದರು. ಅದರ ಅರ್ಥ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಮ್ಮನಿಗೆ ಅದರ ಜೊತೆಗೆ ಇನ್ನೊಂದು ಚಿಂತೆ. ಮಡಿಲಕ್ಕಿ. ತವರಿನಿಂದ ಹೊರಡುವ ಮಗಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ, ಅರಿಶಿನದ ಕೊಂಬು, ರವಿಕೆ ಕಣ ಹಾಕಿ ಕಟ್ಟುವುದು ಎಲ್ಲರ ಮನೆಯಲ್ಲೂ ಇದೆ. ನಮ್ಮಲ್ಲಿ ಕಟ್ಟು ಇನ್ನೂ ಬಿಗಿ. ಕಟ್ಟಿದ ಮೇಲೆ ಅದನ್ನು ದಾರಿಯಲ್ಲಿ ಬಿಚ್ಚಬಾರದು, ಕೆಳಗಿಡಬಾರದು. ಗಂಡನ ಮನೆಯ ಹೊಸಲು ದಾಟಿ, ದೇವರ ಮುಂದೆ ಬಿಚ್ಚಿ, ಆ ಅಕ್ಕಿಯನ್ನು ಮನೆಯ ಅಕ್ಕಿಗೆ ಬೆರೆಸಿ ಅಂದೇ ಅಟ್ಟು ಉಣ್ಣಬೇಕು. ತುಂಬುವುದು ಮುತ್ತೈದೆಯ ಕೈಯೇ ಆಗಬೇಕು. ಅಪ್ಪ ಇರುವ ತನಕ ಅದು ಅಮ್ಮನ ಕೈ. ಅವನು ಹೋದ ದಿನದಿಂದ ಆ ಕೈಗೆ ಆ ಹಕ್ಕಿಲ್ಲ. ನನಗೆ ಮಕ್ಕಳಿಲ್ಲ, ಮಡಿಲು ತುಂಬಿಸಿಕೊಳ್ಳುವುದು ಅಂತ ನನಗಿದ್ದದ್ದು ವರ್ಷಕ್ಕೆ ಇದೊಂದು ಸಲ.

ಇದು ಅಮ್ಮನ ಕೈಯಿಂದ ಕೊನೆಯದು ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಆದರೆ ಅಕ್ಕಿಗೆ ಅಡ್ಡ ಬಂದದ್ದು ಅಪ್ಪನ ಎದೆಯ ಕಫವಲ್ಲ, ಒಂದು ಕಲ್ಲು. ಆ ಕಲ್ಲಿನ ಕತೆ ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ.

ನಾನು ಹುಟ್ಟಿದಾಗ ನಮ್ಮೂರು ಮದ್ರಾಸು ಪ್ರಾಂತ್ಯದ ಕಟ್ಟಕಡೆಯ ಊರು. ಹೊಲದ ತುದಿಯಲ್ಲಿ ಸೊಂಟದೆತ್ತರದ ಕಲ್ಲು. ಅದರಾಚೆ ಮೈಸೂರು ಮಹಾರಾಜರ ಸೀಮೆ. ಎರಡು ಕಡೆಯೂ ಅದೇ ಕೆಮ್ಮಣ್ಣು, ಅದೇ ರಾಗಿ, ಅದೇ ಹೊಂಗೆಮರ. ಮಾತೂ ಅದೇ, ಅರ್ಧ ಕನ್ನಡ ಅರ್ಧ ತೆಲುಗು, ಬೈಗುಳಕ್ಕೆ ಎರಡೂ. ಬೇರೆಯಾಗಿದ್ದದ್ದು ಅಧಿಕಾರದ ಹೆಸರುಗಳು. ನಮ್ಮ ಕಡೆ ಎಲ್ಲರಿಗಿಂತ ದೊಡ್ಡವರು ಕಲೆಕ್ಟರು, ಅವರ ಕೆಳಗೆ ತಹಶೀಲ್ದಾರರು, ಊರಿನ ಲೆಕ್ಕಕ್ಕೆ ಕರಣಂ, ಕಂದಾಯಕ್ಕೆ ಮುನಸಬು. ಕಲ್ಲಿನಾಚೆ ಅದೇ ಕುರ್ಚಿಗಳಲ್ಲಿ ಡೆಪ್ಯುಟಿ ಕಮಿಷನರು, ಅಮಲ್ದಾರರು, ಶ್ಯಾನುಭೋಗರು, ಪಟೇಲರು. ನಾವು ಭತ್ತ ಅಳೆದದ್ದು ಪಡಿಯಲ್ಲಿ, ಅವರು ಅಳೆದದ್ದು ಸೇರಿನಲ್ಲಿ. ಕಳ್ಳ ಎಮ್ಮೆ ಹೊಡೆದುಕೊಂಡು ಕಲ್ಲು ದಾಟಿದರೆ ನಮ್ಮ ಪೊಲೀಸಿನವರು ಕಲ್ಲಿನ ಹತ್ತಿರ ಬೀಡಿ ಹಚ್ಚಿಕೊಂಡು ನಿಲ್ಲುತ್ತಿದ್ದರು.

ಅಪ್ಪ ಊರಿನ ತಳಾರಿ. ಡಂಗುರ ಹಾಕುವುದು, ಕಚೇರಿಗೆ ಕಾಗದ ಮುಟ್ಟಿಸುವುದು, ರಾತ್ರಿ ಊರು ಸುತ್ತುವುದು ಅವನ ಕೆಲಸ. ಅದಕ್ಕೆ ಕೆರೆಯ ಕೆಳಗೆ ಒಂದು ತುಂಡು ಗದ್ದೆ ಬಿಟ್ಟಿದ್ದರು. ಅದರಲ್ಲಿ ಕೆಂಪಕ್ಕಿಯ ಭತ್ತ ಬೆಳೆಯುತ್ತಿದ್ದೆವು. ವರ್ಷಕ್ಕೊಮ್ಮೆ ಕಂದಾಯದ ಲೆಕ್ಕ ನೋಡುವ ಜಮಾಬಂದಿಗೆ ಸಾಹೇಬರು ಬರುವ ಮುಂಚೆ ಗಡಿಯ ಕಲ್ಲಿಗೆ ಸುಣ್ಣ ಬಳಿಯುವುದೂ ಅವನದೇ. ಆಚೆ ಊರಿನಲ್ಲಿ ಅದೇ ಕೆಲಸ ಮಾಡುವವನಿಗೆ ತೋಟಿ ಅಂತ ಹೆಸರು. ಅವನೂ ಸುಣ್ಣದ ಗಡಿಗೆ ಹಿಡಿದು ಬರುತ್ತಿದ್ದ. ಮೂಡಣ ಮುಖ ಅಪ್ಪನದು, ಪಡುವಣ ಮುಖ ತೋಟಿಯದು. ನಾನು ತೆಂಗಿನ ನಾರಿನ ಕುಂಚ ಹಿಡಿದು ಹಿಂದೆ ಹೋಗುತ್ತಿದ್ದೆ.

"ಏನಯ್ಯಾ, ನಿಮ್ ಮಾರಾಜ್ರು ಸುಣ್ಣಕ್ಕೂ ನೀರ್ ಬೆರೆಸ್ತಾರಾ? ನಿನ್ ಮಗ್ಗುಲ್ ನೋಡು, ಕಲ್ಲು ಅಂಗೇ ಕಾಣ್ತದೆ," ಅನ್ನುತ್ತಿದ್ದ ಅಪ್ಪ.

"ರಾಜ್ರ ಸುಣ್ಣ ಕಣಣ್ಣ, ತಣ್ಣಗಿರ್ತದೆ. ನಿಂದು ದೊರೆಗಳ್ದು, ಕೈ ಸುಟ್ಕೊಂಡೀಯ," ಅನ್ನುತ್ತಿದ್ದ ತೋಟಿ.

ಕಲ್ಲಿನ ತಲೆಗೆ ಯಾರು ಬಳಿಯಬೇಕು ಅನ್ನುವುದು ಮಾತ್ರ ಎಂದೂ ಇತ್ಯರ್ಥವಾಗಲಿಲ್ಲ. ಬಳಿದರೆ ಸುಣ್ಣ ತಮ್ಮ ಸರ್ಕಾರಕ್ಕೆ ನಷ್ಟ ಅಂತ ಇಬ್ಬರೂ ಬಿಟ್ಟರು. ಅಲ್ಲಿ ಕಾಗೆ ಕೂತು ತನ್ನ ಸುಣ್ಣ ಬಳಿಯುತ್ತಿತ್ತು. ಕೆಲಸ ಮುಗಿದ ಮೇಲೆ ಒಬ್ಬನ ಎಲೆ, ಇನ್ನೊಬ್ಬನ ಹೊಗೆಸೊಪ್ಪು, ಅದೇ ಕಲ್ಲಿಗೆ ಇಬ್ಬರೂ ಬೆನ್ನು ಕೊಟ್ಟು ಕೂತು ಹಾಕಿಕೊಳ್ಳುತ್ತಿದ್ದರು. ಎದ್ದಾಗ ಬೆನ್ನೆಲ್ಲ ಬಿಳಿ.

"ಇದನ್ನ ಯಾರಪ್ಪ ನೆಟ್ಟೋರು?" ಅಂತ ಒಂದು ಸಲ ಕೇಳಿದ್ದೆ. ಅಪ್ಪ ತನಗೆ ತಿಳಿದಷ್ಟು ಹೇಳಿದ. ಶ್ರೀರಂಗಪಟ್ಟಣದ ಯುದ್ಧಗಳ ಕಾಲದಲ್ಲಿ ಕುಂಪಣಿಯವರು ಈ ಕಡೆಯನ್ನು ತಾವು ಇಟ್ಟುಕೊಂಡರಂತೆ, ಆ ಕಡೆಯನ್ನು ರಾಜರಿಗೆ ಬಿಟ್ಟರಂತೆ. ಆಮೇಲೆ ರಾಜರ ಕಡೆಯನ್ನೂ ಬಹಳ ವರ್ಷ ಬಿಳಿ ಕಮಿಷನರುಗಳೇ ಆಳಿ, ಮತ್ತೆ ರಾಜರಿಗೇ ಒಪ್ಪಿಸಿದರಂತೆ. ನಮ್ಮೂರು ಪಾಳೆಯಗಾರರ ಕೈಯಿಂದ ಜಮೀನ್ದಾರಿಗೆ, ಆರ್ಕಾಟಿನ ಕಚೇರಿಯಿಂದ ಚಿತ್ತೂರಿನ ಕಚೇರಿಗೆ ಹೋಯಿತಂತೆ. "ನಾವೆಲ್ಲೂ ಓಗ್ಲಿಲ್ಲ ಕಣಮ್ಮ. ಕಚೇರಿಗಳು ಓಡಾಡ್ತಿದ್ವು," ಅಂದ. ಸಾಹೇಬರುಗಳ ಪುಸ್ತಕದಲ್ಲಿ ಈ ಚರಿತ್ರೆ ಬೇರೆ ಥರ ಇದ್ದೀತು. ನನಗೆ ಗೊತ್ತಿರುವುದು ಅಪ್ಪ ಹೇಳಿದ ಥರ.

ಸ್ವಾತಂತ್ರ್ಯ ಬಂದ ಮೇಲೆ ನನ್ನ ಮದುವೆ. ಗಂಡ ಬೇತಮಂಗಲದ ಕಡೆಯ ಹಳ್ಳಿಯವರು, ಗಣಿಯಲ್ಲಿ ಕೆಲಸ. ತಹಶೀಲ್ದಾರರ ಸೀಮೆಯಿಂದ ಅಮಲ್ದಾರರ ಸೀಮೆಗೆ ಬಂದೆ. ಗಣಿಯೊಳಗೆ ಇನ್ನೂ ಬೇರೆ ಆಡಳಿತ. ಅಲ್ಲಿ ನೀರು, ದೀಪ, ಮನೆ, ಕಾವಲು ಎಲ್ಲ ಕಂಪನಿಯದು. ಲೈನುಮನೆಯ ಸಾಲಿನಲ್ಲಿ ಆಚೆ ಈಚೆ ಎಲ್ಲ ತಮಿಳು ಮಾತು. ಒಳ್ಳೆಯ ಜನ. ಕೊಳಾಯಿಯ ಹತ್ತಿರ ಕೊಡ ಇಡಲು ಜಾಗ ಬಿಡುತ್ತಿದ್ದರು, ನಗುತ್ತಿದ್ದರು, ಆಮೇಲೆ ತಮ್ಮ ಮಾತಿಗೆ ತಿರುಗುತ್ತಿದ್ದರು. ಅವರ ಮಾತು ಕಲಿತೆ. ಅವರ ನಗು ಮುಗಿದ ಮೇಲೆ ನನಗೆ ಅರ್ಥವಾಗುವಷ್ಟು ಮಟ್ಟಿಗೆ. ನಮ್ಮನೆಯವರು ಪಾಳಿಗೆ ಹೋದರೆ ಮನೆಯೊಳಗೆ ನನ್ನ ಮಾತು ನಾನೇ ಕೇಳಿಸಿಕೊಳ್ಳಬೇಕಿತ್ತು. ಕೆಲವು ದಿನ ಪಾತ್ರೆಗಳ ಹತ್ತಿರ ಮಾತಾಡಿದ್ದೇನೆ, ಸುಳ್ಳು ಯಾಕೆ.

ಹಾಗಿರುವಾಗ ತವರಿಗೆ ಹೋಗುವುದು ನನಗೆ ದೊಡ್ಡದಾಗಿತ್ತು. ಬಂಗಾರಪೇಟೆಗೆ ಗಣಿ ರೈಲು, ಅಲ್ಲಿ ಇಳಿದು ಕುಪ್ಪಂ ಕಡೆಯ ಪ್ಯಾಸೆಂಜರು. ಬರುವಾಗ ಮಡಿಲಲ್ಲಿ ಕೆಂಪಕ್ಕಿ. ಕಾಮಸಮುದ್ರದ ಹತ್ತಿರ ಮೈಸೂರು ಶುರುವಾಯಿತು ಅಂತ ಅಕ್ಕಿಗೆ ಗೊತ್ತೇ ಆಗುತ್ತಿರಲಿಲ್ಲ.

ಮದುವೆಯಾದ ಕೆಲವು ವರ್ಷಕ್ಕೆ ಮದ್ರಾಸು ಪ್ರಾಂತ್ಯ ಒಡೆದು ನಮ್ಮೂರು ಆಂಧ್ರವಾಯಿತು. ಮದ್ರಾಸಿನ ತಳಾರಿಯಾಗಿದ್ದ ಅಪ್ಪ ಒಂದು ಬೆಳಿಗ್ಗೆ ಆಂಧ್ರದ ತಳಾರಿಯಾಗಿ ಎದ್ದ. ಮದ್ರಾಸಿಗೆ ಹೋಗುತ್ತಿದ್ದ ಅರ್ಜಿಗಳು ಕರ್ನೂಲಿಗೆ, ಆಮೇಲೆ ಹೈದರಾಬಾದಿಗೆ ಹೋಗತೊಡಗಿದವು. ಈ ಕಡೆ ಮೈಸೂರು ಹಿಗ್ಗಿ ದೊಡ್ಡ ರಾಜ್ಯವಾಯಿತು. ಗಣಿಯೂ ಕಂಪನಿಯ ಕೈಯಿಂದ ಮೈಸೂರು ಸರ್ಕಾರಕ್ಕೆ, ಅಲ್ಲಿಂದ ದೆಹಲಿಯ ಸರ್ಕಾರಕ್ಕೆ ಹೋಯಿತು. ನಮ್ಮನೆಯವರು ಮಾತ್ರ ಅದೇ ಕಬ್ಬಿಣದ ತೊಟ್ಟಿಲಿನಲ್ಲಿ ಅದೇ ಗಣಿಬಾವಿಗೆ ಇಳಿಯುತ್ತಿದ್ದರು. ಕೊನೆಕೊನೆಗೆ ಮೈಸೂರಿನ ಕಡೆಯೂ ಅಮಲ್ದಾರ್ ಅನ್ನುವ ಮಾತು ಹೋಗಿ ತಹಶೀಲ್ದಾರ್ ಅನ್ನುವುದು ಬಂತು. ಕಲ್ಲಿನ ಎರಡು ಕಡೆಯೂ ಒಂದೇ ಹೆಸರು. ವಿಚಿತ್ರವೆಂದರೆ, ಹೆಸರು ಬೇರೆಬೇರೆಯಾಗಿದ್ದಾಗ ದಾಟಿಕೊಂಡು ಬರುತ್ತಿದ್ದ ಅಕ್ಕಿ, ಹೆಸರು ಒಂದಾದ ಹೊತ್ತಿಗೆ ನಿಂತಿತು. ಮಳೆ ಕೈಕೊಟ್ಟು ಅಕ್ಕಿಗೆ ಬರ ಬಂದು, ಒಂದು ರಾಜ್ಯದ ಅಕ್ಕಿ ಇನ್ನೊಂದಕ್ಕೆ ಹೋಗಕೂಡದು ಅಂತ ಆಯಿತು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ತಪಾಸಣೆ ಕೂತಿತು.

ಇಷ್ಟು ಹೇಳಿ ಆ ಬೆಳಿಗ್ಗೆಗೆ ಬರುತ್ತೇನೆ.

ಅಮ್ಮ ಹಿಂದಿನ ದಿನವೇ ಭತ್ತ ಕುಟ್ಟಿ ಕೆಂಪಕ್ಕಿ ಮಾಡಿ ಮೊರದಲ್ಲಿ ಹಾಕಿಟ್ಟಿದ್ದಳು. ನಾನು ಸೀರೆ ಉಟ್ಟು ಬಂದಾಗ ಅಣ್ಣ ಒಂದು ಕೈಚೀಲ ಹಿಡಿದು ನಿಂತಿದ್ದ.

"ಅಮ್ಮ, ಇದ್ರಾಗೆ ಆಕು. ಮೇಲೊಂದು ಟವಲ್ ಮುಚ್ಚು. ಚೀಲದಾಗೆ ಕಾಣೋ ಅಂಗೆ ಒಂದೆರಡು ಪಡಿ ಇದ್ರೆ ಬಿಟ್ಬುಡ್ತಾರೆ. ಎಂಗಸ್ರು ಸೊಂಟದಾಗೆ ಕಟ್ಕೊಂಡ್ರೇನೇ ಇಡ್ಕೊಳ್ಳೋದು."

"ಮಡಿಲಕ್ಕಿನ ಚೀಲಕ್ಕಾಕೋದಾ? ನಿನ್ ಮಗಳ್ನ ಕಳುಸುವಾಗ ಗೋಣಿಗಾಕು, ಓಗು."

"ಕಾಲ ಅಂಗದೆ ಅಮ್ಮ."

"ಕಾಲ ಕುಪ್ಪಂನಾಗಿರ್ಲಿ. ನನ್ ಮನೇಗ್ಯಾಕೆ ಬಂತು?"

"ತಂಗೀನ ಜೈಲಿಗಾಕ್ತಾರೆ ಅಂದ್ರೆ?"

"ಆಕ್ಲಿ. ಅಲ್ಲೂ ದೇವರ ಪಟ ಇರ್ತದೆ, ಅದ್ರ ಮುಂದೆ ಬಿಚ್ತಾಳೆ."

ಅತ್ತಿಗೆ ಬಾಗಿಲ ಹತ್ತಿರ ನಕ್ಕಳು. ಅಣ್ಣನಿಗೆ ನಗು ಬರಲಿಲ್ಲ. ಅವನು ಒಂದು ಸಲ ಈ ತಪಾಸಣೆಯಲ್ಲಿ ಸಿಕ್ಕು ದಿನವೆಲ್ಲ ಬಂಗಾರಪೇಟೆಯಲ್ಲಿ ಕೂತಿದ್ದವನು. ಅಷ್ಟರಲ್ಲಿ ಗೋಡೆಗೆ ಒರಗಿದ್ದ ಅಪ್ಪ ಉಸಿರು ಕೂಡಿಸಿಕೊಂಡು, "ಏನಂತೆ?" ಅಂದ. ಅಣ್ಣ ಜೋರಾಗಿ ಹೇಳಿದ: "ಗಡಿಯಾಗೆ ಅಕ್ಕಿ ಬಿಡಲ್ಲ ಅಂತ ಅಪ್ಪಾ!"

ಅಪ್ಪ ನನ್ನ ಕಡೆ ನೋಡಿ, "ಯಾವ ಗಡಿ? ಅದು ನಮ್ ಕಲ್ಲಲ್ವಾ?" ಅಂದ.

ನಾನೇ ಅಣ್ಣನ ಕೈಯಿಂದ ಚೀಲ ತೆಗೆದು ಮೊಳೆಗೆ ನೇತುಹಾಕಿ, ಅಮ್ಮನ ಮುಂದೆ ಮಣೆಯ ಮೇಲೆ ಕೂತು ಸೆರಗು ಒಡ್ಡಿದೆ.

ಅಮ್ಮ ಬೊಗಸೆಯಲ್ಲಿ ಹಾಕಿದಳು. ಅವಳ ಕೈ ಸಣ್ಣದು, ಬೆರಳ ಸಂದಿಯಿಂದ ಕಾಳು ಜಾರುತ್ತಿತ್ತು. ಐದು ಬೊಗಸೆಗೆ ನಿಲ್ಲಿಸಬೇಕು. ನಿಲ್ಲಿಸಲಿಲ್ಲ. ಮೊರ ಖಾಲಿಯಾಗುವ ತನಕ ಹಾಕಿದಳು. ಕೊಬ್ಬರಿ, ಬೆಲ್ಲ, ಎಲೆ ಅಡಿಕೆ, ಅರಿಶಿನದ ಕೊಂಬು, ಹಸಿರು ಕಣ. ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿ ಗಂಟು ಬಿಗಿದು, ಆ ಗಂಟಿನ ಮೇಲೆ ಕೈಯಿಟ್ಟು ಕೂತಳು. ಏನೋ ಹೇಳುತ್ತಾಳೆ ಅಂದುಕೊಂಡೆ. "ರೈಲಿಗೆ ಒತ್ತಾಯ್ತು," ಅಂದಳು.

ರೈಲಿನಲ್ಲಿ ಹೆಂಗಸರ ಬೋಗಿ ತುಂಬಿತ್ತು. ಕೂತ ಮೇಲೆ ನೋಡುತ್ತೇನೆ, ಎದುರಿನ ಬೆಂಚಿನಲ್ಲಿ ನಾಲ್ಕೂ ಜನ ಬಸುರಿಯರು. ಅದರಲ್ಲಿ ಒಬ್ಬಾಕೆಗೆ ನಮ್ಮಮ್ಮನ ವಯಸ್ಸು. ಬಾಯಿ ತುಂಬ ಎಲೆ ಅಡಿಕೆ, ಹಣೆಯಲ್ಲಿ ದೊಡ್ಡ ಕುಂಕುಮ. ನಾನು ನೋಡುವುದನ್ನು ನೋಡಿ ಆಕೆ ಹೊಟ್ಟೆಯ ಮೇಲೆ ಕೈಯಾಡಿಸಿದಳು.

"ಏನಕ್ಕಾ ಅಂಗ್ ನೋಡ್ತೀಯ? ಏಳು ತಿಂಗ್ಳು. ಬಂಗಾರಪೇಟೆ ದಾಟಿದ್ರೆ ಎರಿಗೆ."

ಬೋಗಿಯೆಲ್ಲ ನಕ್ಕಿತು. ಆಮೇಲೆ ತಿಳಿಯಿತು. ಅವರೆಲ್ಲ ಕುಪ್ಪಂ ಕಡೆಯ ಅಕ್ಕಿಯನ್ನು ಸೊಂಟಕ್ಕೆ, ಹೊಟ್ಟೆಗೆ ಕಟ್ಟಿಕೊಂಡು ಗಣಿಯ ಕಡೆ ಹೋಟೆಲುಗಳಿಗೆ ಸಾಗಿಸುವವರು. ದಿನಾ ಇದೇ ರೈಲು.

"ನಿಂಗೆಷ್ಟು ತಿಂಗ್ಳು?" ಅಂತ ಪಕ್ಕದವಳು ನನ್ನ ಮಡಿಲು ನೋಡಿ ಕೇಳಿದಳು.

"ಇಲ್ಲ. ಇದು ಮಡಿಲಕ್ಕಿ. ತವರಿಂದ ಬತ್ತಿದ್ದೀನಿ," ಅಂದೆ.

ಅವರ ನಗು ನಿಲ್ಲಲೇ ಇಲ್ಲ. "ಅಯ್ಯೋ ಸಾಮಿ, ಇವ್ಳೂ ಅದೇ ಏಳ್ತಾಳಲ್ಲೇ!" ಅಂತ ಒಬ್ಬಳು ತನ್ನ ಸೆರಗಿನ ಗಂಟು ಬಿಡಿಸಿ ತೋರಿಸಿದಳು. ಅಕ್ಕಿಯ ಮೇಲೆ ಒಂದು ಅರಿಶಿನದ ಕೊಂಬು, ಎರಡು ಎಲೆ, ಒಣಗಿದ ಕೊಬ್ಬರಿ ಬಟ್ಟಲು. ಬಸುರಿಯ ಸೋಗು ತಪಾಸಣೆಯವರಿಗೆ ಗೊತ್ತಾಗಿ ಹೋಗಿದ್ದರಿಂದ, ಕೆಲವರು ಈಗ ತವರಿನ ಮಡಿಲಕ್ಕಿಯ ನೆಪ ಹಿಡಿದಿದ್ದರು. ಆ ಕೊಬ್ಬರಿ ಬಟ್ಟಲು ಎಷ್ಟು ಸಲ ಈ ರೈಲಿನಲ್ಲಿ ತವರಿಗೆ ಹೋಗಿ ಬಂದಿತ್ತೋ, ಅದರ ಅಂಚು ಸವೆದಿತ್ತು.

"ನಂದು ನಿಜ್ವಾಗ್ಲೂ," ಅಂದೆ. ನನ್ನ ದನಿ ನನಗೇ ಸುಳ್ಳು ಅನ್ನಿಸಿತು.

ಎಲೆ ಅಡಿಕೆಯ ಹಿರಿಯಾಕೆ ನನ್ನ ಮಡಿಲಿನ ಕಡೆ ಬಗ್ಗಿ, ಗಂಟಿನ ಸಂದಿಯಲ್ಲಿ ಕಾಣುತ್ತಿದ್ದ ಕೆಂಪು ಕಾಳು ನೋಡಿದಳು. ಸಾಗಿಸುವ ಅಕ್ಕಿ ಎಲ್ಲ ಬಿಳಿಯದು. ಕೆಂಪಕ್ಕಿಯನ್ನು ಹೋಟೆಲಿನವರು ಕೊಳ್ಳುತ್ತಿರಲಿಲ್ಲ. ಆಕೆ ನಗು ನಿಲ್ಲಿಸಿ, "ಅಮ್ಮ ಅವ್ರೇನಮ್ಮಾ?" ಅಂದಳು.

"ಅವ್ರೆ. ಅಪ್ಪಂಗೆ ಉಸಾರಿಲ್ಲ."

ಆಕೆ ಕಿಟಕಿಯಾಚೆ ಎಲೆ ಉಗಿದು ಬಾಯಿ ಒರೆಸಿಕೊಂಡು, "ಚೀಲಕ್ಕಾಕ್ಕೋ ತಾಯಿ. ನಂತಾವ ಒಂದದೆ, ಕೊಡ್ತೀನಿ," ಅಂದಳು. ಅಣ್ಣ ಹೇಳಿದ್ದನ್ನೇ ಹೇಳಿದಳು. ಬಿಚ್ಚಬಾರದು ಅಂತ ನಾನು ತಲೆಯಾಡಿಸಿದೆ. ಕಾಮಸಮುದ್ರ ಬಂತು, ಹೋಯಿತು. ಗಂಟಿನ ಮೇಲೆ ಎರಡು ಕೈ ಇಟ್ಟುಕೊಂಡು ಕೂತಿದ್ದೆ, ಅಮ್ಮ ಇಟ್ಟಿದ್ದಂತೆ.

ಬಂಗಾರಪೇಟೆಯಲ್ಲಿ ಇಳಿದವರನ್ನೆಲ್ಲ ಒಂದು ಕಡೆ ನಿಲ್ಲಿಸಿದರು. ಕೆಲವರು ರೈಲು ನಿಧಾನವಾದಾಗಲೇ ಆಚೆ ಮಗ್ಗುಲಿಗೆ ಹಾರಿ ಓಡಿದ್ದರು. ಪ್ಲಾಟ್‌ಫಾರಂ ಮೇಲೆ ಗೋಣಿತಾಟು ಹಾಸಿ, ಹಿಡಿದ ಅಕ್ಕಿಯನ್ನೆಲ್ಲ ಅದರ ಮೇಲೆ ಸುರಿಸುತ್ತಿದ್ದರು. ತಪಾಸಣೆಯವರು ಕನ್ನಡಕ ಹಾಕಿದ, ಬಡಕಲು ಮನುಷ್ಯ. ಬೆಳಗಿನಿಂದ ನಿಂತು ಕಾಲು ನೋಯುತ್ತಿತ್ತೋ ಏನೋ, ಒಂದು ಕಾಲಿನ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟಿದ್ದರು.

"ನಿಂದೇನಮ್ಮ?"

"ತವರಿನ ಮಡಿಲಕ್ಕಿ ಸಾಮಿ."

"ಹೌದಾ. ಈ ರೈಲಿನಲ್ಲಿ ದಿನಾ ಬೆಳಿಗ್ಗೆ ಇಡೀ ಬೋಗಿಗೆ ತವರು. ನನ್ನ ಹೆಂಡತಿಗೆ ಮಾತ್ರ ವರ್ಷಕ್ಕೊಂದು ಸಲ."

"ಅಯ್ಯಾ, ಆಯಮ್ಮಂದು ನಿಜ್ವಾದ್ದು!" ಅಂತ ಹಿರಿಯಾಕೆ ಸಾಲಿನ ಹಿಂದಿನಿಂದ ಕೂಗಿದಳು.

"ನೀನು ಹೇಳಿದೆಯಲ್ಲ, ಮುಗೀತು. ಇದ್ದಬದ್ದ ನಂಬಿಕೆಯೂ ಹೋಯ್ತು," ಅಂದರು ಅವರು. ಎಲ್ಲರೂ ನಕ್ಕರು, ಪೊಲೀಸಿನವನೂ. ಆಮೇಲೆ ನನ್ನ ಕಡೆ ತಿರುಗಿ ಬೇಜಾರಿನ ದನಿಯಲ್ಲೇ ಹೇಳಿದರು. "ಚೀಲದಲ್ಲಿ ತಂದಿದ್ದರೆ ನಾನು ನೋಡ್ತಾನೇ ಇರಲಿಲ್ಲ ಕಣಮ್ಮ. ಸೊಂಟಕ್ಕೆ ಕಟ್ಟಿದ್ದು ಬಿಡೋ ಹಾಗಿಲ್ಲ. ಒಬ್ಬಳಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕು. ಬಿಚ್ಚು."

ನಾನು ನಿಂತೇ ಇದ್ದೆ. ಹಿಂದಿನವರು ತಳ್ಳಿದರು. ಪೊಲೀಸಿನವನು ಲಾಠಿಯ ತುದಿಯಿಂದ ನನ್ನ ಗಂಟಿನ ಕಡೆ ತೋರಿಸಿದ. ಅವನು ಮುಟ್ಟಿಬಿಟ್ಟಾನು ಅಂತ ಹೆದರಿ ನಾನೇ ಬಿಚ್ಚಿದೆ. ಅಮ್ಮ ಹಾಕಿದ ಗಂಟು ಸುಲಭಕ್ಕೆ ಬರಲಿಲ್ಲ, ಹಲ್ಲು ಹಚ್ಚಬೇಕಾಯಿತು. ಕೊಬ್ಬರಿ, ಬೆಲ್ಲ, ಎಲೆ ಅಡಿಕೆ, ಅರಿಶಿನ, ಕಣ ಎಲ್ಲವನ್ನೂ ಅವರು ಇಟ್ಟುಕೋ ಅಂದರು. ಅಕ್ಕಿ ಮಾತ್ರ ತಾಟಿನ ಮೇಲೆ ಹೋಯಿತು. ಬಿಳಿಯ ರಾಶಿಯ ಮೇಲೆ ಕೆಂಪಗೆ ಒಂದು ಗುಡ್ಡೆಯಾಗಿ ನಿಂತಿತು. ಮುಂದಿನವಳು ತನ್ನದನ್ನು ಸುರಿದಳು, ಅದು ಮುಚ್ಚಿಹೋಯಿತು. ಪೊಲೀಸಿನವನು ಚೆಲ್ಲಬಾರದು ಅಂತ ರಾಶಿಯನ್ನು ಕಾಲಿನಿಂದ ಒಳಕ್ಕೆ ದೂಡಿದ.

ನಾನು ಅತ್ತೆನೋ ಇಲ್ಲವೋ ನೆನಪಿಲ್ಲ. ಹೋಗದೆ ಅಲ್ಲೇ ನಿಂತಿದ್ದು ನೆನಪಿದೆ. ಸಾಲು ಕರಗಿ, ಹಿರಿಯಾಕೆಯೂ ತನ್ನ ಏಳು ತಿಂಗಳನ್ನು ಇಳಿಸಿ, ಸಣ್ಣಗಾಗಿ, ಬೈದುಕೊಂಡು ಹೋದಳು. ಹೋಗುವಾಗ ನನ್ನ ಬೆನ್ನು ಮುಟ್ಟಿದಳು. ಕೊನೆಗೆ ಕನ್ನಡಕದವರು ಚಪ್ಪಲಿ ಮೆಟ್ಟಿಕೊಳ್ಳುತ್ತ ತಲೆಯೆತ್ತಿ ನೋಡಿದರು.

"ಇನ್ನೂ ಇದ್ದೀಯಾ?"

ನಾನು ತಾಟಿನ ಮೇಲಿನ ರಾಶಿಯ ಕಡೆ ನೋಡಿದೆ.

ಅವರು ಆಚೆ ಈಚೆ ನೋಡಿದರು. "ಒಂದು ಬೊಗಸೆ ತಗೊಂಡು ಹೋಗು. ಬೇಗ."

ಬಗ್ಗಿ ಬೊಗಸೆ ತುಂಬಿದೆ. ಕೆಂಪು ಕಾಣುವ ಕಡೆ ಕೈ ಹಾಕಿದೆ. ಬಂದದ್ದು ಹೆಚ್ಚಿಗೆ ಬಿಳಿಯದೇ. ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡೆ.

ಗಣಿ ರೈಲು ಹೋಗಿಬಿಟ್ಟಿತ್ತು. ಇನ್ನೊಂದಕ್ಕೆ ಬೇವಿನಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಕಾದೆ. ಅಷ್ಟು ದೊಡ್ಡ ಸ್ಟೇಷನ್ನು ಎರಡು ರೈಲುಗಳ ನಡುವೆ ಹೇಗೆ ಬರಿದಾಗುತ್ತದೆ ಅಂತ ಅವತ್ತು ನೋಡಿದೆ. ಒಬ್ಬ ಕೂಲಿ ಮುಖಕ್ಕೆ ಟವಲು ಹಾಕಿಕೊಂಡು ಮಲಗಿದ್ದ. ತಾಟಿನಿಂದ ಉದುರಿದ ಅಕ್ಕಿಗೆ ಪಾರಿವಾಳಗಳು ಇಳಿದಿದ್ದವು. ಈ ಕಡೆ ಯಾರಿಗೂ ನಾನು ಇಳಿದದ್ದು ಗೊತ್ತಿಲ್ಲ, ಆ ಕಡೆಯವರು ನಾನು ಮನೆ ಸೇರಿದೆ ಅಂದುಕೊಂಡಿರುತ್ತಾರೆ ಅಂತ ಯೋಚನೆ ಬಂತು. ಮಧ್ಯದಲ್ಲಿ ಇರುವುದು ನಾನೊಬ್ಬಳೇ. ಹಸಿವಾಗಿತ್ತು. ಬೆಲ್ಲ ತಿನ್ನಬಹುದಿತ್ತು, ಅದನ್ನೂ ದೇವರ ಮುಂದೆ ಇಡದೆ ತಿನ್ನಬಾರದು, ಸುಮ್ಮನಿದ್ದೆ.

ಲೈನುಮನೆ ಸೇರಿದಾಗ ಇಳಿಹೊತ್ತು. ನಮ್ಮನೆಯವರು ಪಾಳಿ ಮುಗಿಸಿ ಬಂದು ಬಾಗಿಲಲ್ಲಿ ಕೂತು ಉಗುರಿನ ಮಣ್ಣು ತೆಗೆಯುತ್ತಿದ್ದರು. "ಎಂಗವ್ರೆ ಮಾವ?" ಅಂದರು. "ಅಂಗೇ ಅವ್ರೆ," ಅಂದೆ. ಕೈಕಾಲು ತೊಳೆದು, ದೀಪ ಹಚ್ಚಿ, ದೇವರ ಮುಂದೆ ಇಡಬೇಕಾದ್ದನ್ನೆಲ್ಲ ಇಟ್ಟೆ. ಬೊಗಸೆಯ ಅಕ್ಕಿಯನ್ನು ಮೊರಕ್ಕೆ ಹಾಕಿಕೊಂಡು ಬಾಗಿಲ ಬೆಳಕಿಗೆ ಕೂತೆ. ಕೆಂಪು ಕಾಳು ಒಂದೊಂದೇ ಆರಿಸಿ ಬಟ್ಟಲಿಗೆ ಹಾಕತೊಡಗಿದೆ.

ಅವರು ಉಗುರು ಬಿಟ್ಟು ನನ್ನ ಕಡೆ ತಿರುಗಿದರು. "ಇದೇನೇ, ಚಿನ್ನ ಸೋಸ್ದಂಗೆ ಸೋಸ್ತಿದ್ದೀಯ?"

ಹೇಳಿದೆ, ಎಲ್ಲಾ.

ಅವರು ಕೇಳಿ, ತಲೆ ಕೆರೆದು, "ಆರಿಸಿ ಏನ್ ಮಾಡ್ತೀಯ?" ಅಂದರು.

"ನಮ್ ಅಕ್ಕಿಗೆ ಬೆರೆಸ್ತೀನಿ."

"ನಮ್ಮದು ರೇಷನ್ನು. ಅದೂ ಯಾರದೋ ಅಕ್ಕಿ. ಅದಕ್ಕೆ ಬೆರ್ಸೋಕೆ ಇದನ್ನ ಯಾಕೆ ಬೇರೆ ಮಾಡೋದು?"

ಅವರು ಹೇಳಿದ್ದು ಸರಿಯೇ ಇತ್ತು. ಕೈ ಮಾತ್ರ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಅವರೂ ಹತ್ತಿರ ಸರಿದು ಕೂತು ಬಗ್ಗಿ ನೋಡಿದರು. ಗಣಿಯ ಕತ್ತಲಿಗೆ ಅವರ ಕಣ್ಣು ಮಂಜಾಗಿತ್ತು. ಒಂದೆರಡು ಬಿಳಿ ಕಾಳನ್ನೇ ಕೆಂಪು ಅಂತ ಆರಿಸಿ ಬಟ್ಟಲಿಗೆ ಹಾಕಿದರು. ನಾನು ಅದನ್ನು ತೆಗೆಯಲಿಲ್ಲ.

ಆ ತಿಂಗಳು ಮುಗಿಯುವುದರೊಳಗೆ ಅಪ್ಪ ಹೋದ. ಆಮೇಲಿನ ವರ್ಷಗಳಲ್ಲಿ ತವರಿಗೆ ಹೋದಾಗ ಅತ್ತಿಗೆ ನನ್ನ ಮಡಿಲು ತುಂಬುತ್ತಿದ್ದಳು. ಒಳ್ಳೆಯ ಮನಸ್ಸಿನಿಂದಲೇ ತುಂಬುತ್ತಿದ್ದಳು, ಲೆಕ್ಕಕ್ಕೆ ಸರಿಯಾಗಿ ಐದು ಬೊಗಸೆ. ಅಮ್ಮ ಆ ಹೊತ್ತಿಗೆ ಕಣ್ಣಿಗೆ ಬೀಳಬಾರದು ಅಂತ ತಾನೇ ಎದ್ದು ಒಳಗೆ ಹೋಗುತ್ತಿದ್ದಳು. ಬಾಗಿಲ ಹಿಂದಿನಿಂದ, "ಇನ್ನೊಂದ್ ಬೊಗಸೆ ಆಕಮ್ಮಿ, ದೂರ ಓಗ್ಬೇಕು ಅವ್ಳು," ಅನ್ನುತ್ತಿದ್ದಳು. ಆ ಅಕ್ಕಿಯನ್ನು ನಾನು ಚೀಲದಲ್ಲಿ ತರುತ್ತಿದ್ದೆ. ಯಾರೂ ಹಿಡಿಯಲಿಲ್ಲ.

ಆ ದಿನ ಆರಿಸಿದ ಕೆಂಪಕ್ಕಿ ಒಂದು ಹಿಡಿಯೂ ಆಗಲಿಲ್ಲ. ರೇಷನ್ ಅಕ್ಕಿಯ ಜೊತೆ ಅದನ್ನು ತೊಳೆದು ಒಲೆಗೆ ಇಟ್ಟೆ. ಮೊರದಲ್ಲಿ ಉಳಿದ ಬಿಳಿಯದನ್ನು ಏನು ಮಾಡಲಿ ಅಂತ ಕೇಳಿದ್ದಕ್ಕೆ ಅವರು, "ಅದ್ನೂ ಆಕು, ಯಾರ್ದೋ ತವರಿನ್ದಿರ್ಬೋದು," ಅಂದರು. ಹಾಕಿದೆ. ಅನ್ನಕ್ಕೆ ಬದನೆಕಾಯಿ ಬಜ್ಜಿ, ಮೇಲೆ ನೀರುಮಜ್ಜಿಗೆ. ಅಲ್ಲೊಂದು ಇಲ್ಲೊಂದು ಕೆಂಪು ಅಗುಳು, ಮಿಕ್ಕವಕ್ಕಿಂತ ಸ್ವಲ್ಪ ಗಟ್ಟಿ, ಹಲ್ಲಿಗೆ ಸಿಕ್ಕಾಗ ಗೊತ್ತಾಗುತ್ತಿತ್ತು. ಅವರು ಎರಡು ಸಲ ಹಾಕಿಸಿಕೊಂಡು ಉಂಡರು. ಬೆಳಗಿನ ಪಾಳಿಗೆ ಏಳಬೇಕಲ್ಲ, ಅವರೇ ಮೊದಲು ಮಲಗಿದರು. ನಾನು ತಪ್ಪಲೆಗೆ ನೀರು ಹಾಕಿಟ್ಟು, ಗೋಡೆಯಾಚೆ ತಮಿಳಿನಲ್ಲಿ ಯಾರೋ ಮಕ್ಕಳನ್ನು ಗದರಿ ಮಲಗಿಸುವುದನ್ನು ಕೇಳುತ್ತ ಇದ್ದೆ. ಆ ಮನೆಯವರೂ ನನಗಿಂತ ಮುಂಚೆ ಮಲಗಿದರು.